ಮೇಕೆಗೆ ಬೇಲಿ: ಮೂಲೆಕಂಬದಿಂದ ಚಿಲಕದವರೆಗೆ

ಹಳೇ ಮುಳ್ಳುತಂತಿ ಬೇಲಿ ಕಿತ್ತು ಹಾಕಿ, ಮೇಕೆಗೆ ಅಂತಲೇ ಜಾಲರಿ ಬೇಲಿ ಹಾಕಿದ ಕೆಲಸದ ವಿವರ ಇದು. ಸುತ್ತಳತೆ ಸುಮಾರು 320 ಮೀಟರ್. ಒಳಗೆ ಇರುವುದು ಮೇಕೆಗಳ ಮಂದೆ, ಒಂದಿಷ್ಟು ಕುರಿ, ಜೊತೆಗೆ ಕರುಗಳು. ಕೆಲಸಕ್ಕೆ ನಾನು, ನನ್ನ ತಮ್ಮ. ಜಾಲರಿ ಎಳೆಯುವುದೇ ದೊಡ್ಡ ಕೆಲಸ ಅಂತ ಹೊರಗಿನಿಂದ ನೋಡಿದವರಿಗೆ ಅನ್ನಿಸುತ್ತದೆ. ಅದು ಬೇಗ ಮುಗಿಯುತ್ತದೆ. ಬೆವರು ಸುರಿಯಬೇಕಾದದ್ದು ಮೂರು ಕಡೆ: ಮೂಲೆ, ನೆಲದಂಚು, ಗೇಟು. ಈ ಮೂರು ಸರಿ ಇದ್ದರೆ ಸಾಧಾರಣ ಜಾಲರಿ ಕೂಡ ವರ್ಷಗಟ್ಟಲೆ ನಿಲ್ಲುತ್ತದೆ, ಇಲ್ಲದಿದ್ದರೆ ಎಷ್ಟು ದುಬಾರಿ ಜಾಲರಿ ತಂದರೂ ಮೇಕೆ ಪಕ್ಕದವರ ಬೆಳೆಯಲ್ಲೇ ಇರುತ್ತದೆ.

ಮೇಕೆ ಬೇಲಿ ಹಾರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾರುವುದು ಉಂಟು, ಆದರೆ ಅದು ಕೊನೆಯ ದಾರಿ. ಮೊದಲು ಕೆಳಗೆ ನುಸುಳಲು ನೋಡುತ್ತದೆ. ಮುಂಗಾಲು ಮಡಚಿ ಮಂಡಿಯೂರಿ, ಮೂತಿಯನ್ನು ಜಾಲರಿಯ ಕೆಳಗೆ ತೂರಿಸಿ, ಕತ್ತಿನಿಂದ ಮೇಲಕ್ಕೆ ಎತ್ತುತ್ತದೆ. ತಂತಿ ಸ್ವಲ್ಪ ಬಿಟ್ಟುಕೊಟ್ಟಿತು ಅಂದರೆ ಮೈ ತಾನಾಗಿಯೇ ಹಿಂದೆ ಬರುತ್ತದೆ. ಅದು ಆಗಲಿಲ್ಲ ಅಂದರೆ ಒರಗುತ್ತದೆ. ಮಧ್ಯಾಹ್ನ ಮೇವು ಮುಗಿದ ಮೇಲೆ ಬೇಲಿ ಪಕ್ಕ ಸುಮ್ನೆ ನಿಂತು ನೋಡಿ: ಭುಜ ತಂತಿಗೆ ತಾಗಿಸಿ, ಪೂರ್ತಿ ಭಾರ ಬಿಟ್ಟು, ಕಂಬದಿಂದ ಕಂಬಕ್ಕೆ ಮೈ ಉಜ್ಜಿಕೊಂಡು ಹೋಗುತ್ತದೆ. ಒಂದೊಂದು ಗಂಟೂ ಕಿರ್ ಅನ್ನುತ್ತದೆ, ಕೊನೆಯಲ್ಲಿ ಹಿಂಭಾಗದಿಂದ ಒಂದು ತಳ್ಳು ಬೇರೆ. ಹಿಂದೆ ಬಂದದ್ದೂ ಅದೇ ಜಾಗದಲ್ಲಿ ಉಜ್ಜುತ್ತದೆ. ಇಷ್ಟಾದ ಮೇಲೆ ಮುಂಗಾಲು ಎತ್ತಿ ಜಾಲರಿ ಮೇಲೆ ನಿಲ್ಲುತ್ತದೆ, ಆಚೆ ಇರುವ ಕೊಂಬೆಯ ಎಲೆ ಬೇಕು ಅದಕ್ಕೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆ ಸೊಪ್ಪು ಯಾವಾಗಲೂ ಬೇಲಿಯ ಆಚೆಯೇ ಇರುತ್ತದೆ. ಹೀಗೆ ದಿನವೂ ಎತ್ತುವುದು, ಒರಗುವುದು, ಹತ್ತುವುದು. ಬೇಲಿಯನ್ನು ಈ ಮೂರಕ್ಕೆ ತಕ್ಕಂತೆ ಯೋಚಿಸಬೇಕು, ಎತ್ತರ ಆಮೇಲಿನ ಮಾತು.

ಮುಳ್ಳುತಂತಿ ಯಾಕೆ ಬೇಡ ಅಂದರೆ, ಅದು ದನಕ್ಕೆ ಅಂತ ಬೆಳೆದುಬಂದ ಬೇಲಿ. ಜೋಸೆಫ್ ಗ್ಲಿಡನ್ ಎಂಬ ಅಮೆರಿಕದ ರೈತ 1874ರಲ್ಲಿ ಪೇಟೆಂಟ್ ಪಡೆದ ಮಾದರಿ ಎಲ್ಲ ಕಡೆ ಹರಡಿತು. ದನದ ಎದೆ ತಂತಿಗೆ ತಾಗಿ ಮುಳ್ಳು ಚುಚ್ಚಿದರೆ ಅದು ಹಿಂದೆ ಸರಿಯುತ್ತದೆ. ಮೇಕೆ ಸರಿಯುವುದಿಲ್ಲ, ಎರಡು ತಂತಿಗಳ ನಡುವೆ ಮೈ ತಿರುಚಿ ತೂರುತ್ತದೆ. ಕೂದಲು ತಂತಿಯಲ್ಲಿ ಉಳಿಯುತ್ತದೆ, ಕಿವಿ ಸೀಳುತ್ತದೆ, ಹಾಲು ಕೊಡುವ ಮೇಕೆಯಾದರೆ ಕೆಚ್ಚಲಿಗೆ ಗಾಯ. ಆದರೂ ಆಚೆ ಹೋಗಿರುತ್ತದೆ.

ಹಳೇ ತಂತಿ ಕೀಳುವಾಗ ಒಂದು ಎಚ್ಚರ. ತುಕ್ಕು ಹಿಡಿದ ತಂತಿ ಕತ್ತರಿಸಿದ ಕಡೆಯೆಲ್ಲ ಪುಟ್ಟ ಪುಟ್ಟ ಚೂರು ಬೀಳುತ್ತವೆ. ದನ ಕರು ಮೇವಿನ ಜೊತೆ ಅದನ್ನು ನುಂಗಿದರೆ ಹೊಟ್ಟೆಯ ಎರಡನೇ ಚೀಲದಲ್ಲಿ ಕೂರುತ್ತದೆ. ಅಲ್ಲಿಂದ ಹೃದಯ ದೂರ ಇಲ್ಲ, ಚುಚ್ಚಿಕೊಂಡು ಹೋದರೆ ಪ್ರಾಣಕ್ಕೇ ಬರುತ್ತದೆ. ಹಾಗಾಗಿ ತಂತಿ ಕತ್ತರಿಸುವಾಗ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡಿದ್ದೆವು. ಆಮೇಲೆ ಹಳೇ ಸ್ಪೀಕರಿನಿಂದ ತೆಗೆದ ಆಯಸ್ಕಾಂತಕ್ಕೆ ಹಗ್ಗ ಕಟ್ಟಿ, ಬೇಲಿಯ ಸಾಲಿನುದ್ದಕ್ಕೂ ಎಳೆದುಕೊಂಡು ಹೋದೆ. ಬಂದ ಚೂರು ನೋಡಿ ತಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡ.

ಇನ್ನು ಜಾಲರಿ. ಚೈನ್ ಲಿಂಕ್ ನೋಡಿದೆವು, ಬೇಡ ಅಂತ ಬಿಟ್ಟೆವು. ಅದರ ಕೆಳಗಿನ ಅಂಚಿನಲ್ಲಿ ನೇರವಾದ ತಂತಿ ಇರುವುದಿಲ್ಲ, ಬೇರೆ ತಂತಿ ಪೋಣಿಸಿ ಬಿಗಿಯದಿದ್ದರೆ ಮೂತಿ ಹಾಕಿ ಎತ್ತಿದ ಕೂಡಲೇ ಏಳುತ್ತದೆ. ವೆಲ್ಡ್ ಮೆಷ್ ಹೊಸದರಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಮೇಕೆ ಒರಗಿ ಒರಗಿ ವೆಲ್ಡಿಂಗ್ ಚುಕ್ಕೆಗಳು ಒಂದೊಂದಾಗಿ ಬಿಡುತ್ತವೆ. ಒಂದು ಬಿಟ್ಟರೆ ಆ ಕಿಂಡಿ ದೊಡ್ಡದಾಗುತ್ತದೆ, ದೊಡ್ಡದಾದ ಕಿಂಡಿಗೇ ತಲೆ ಹಾಕುತ್ತವೆ. ಕೊನೆಗೆ ತಂದದ್ದು ಗಂಟು ಹಾಕಿ ಹೆಣೆದ ಜಾಲರಿ, 4 ಅಡಿ ಎತ್ತರ, 12.5 ಗೇಜ್ ತಂತಿ, ಅಂದರೆ ಸುಮಾರು 2.5 ಮಿಲಿಮೀಟರ್ ದಪ್ಪ, ದಪ್ಪ ಸತು ಲೇಪನದ್ದು. ಹೆಣೆದ ಜಾಲರಿಯಲ್ಲೂ ಎರಡು ಬಗೆ. ಒಂದರಲ್ಲಿ ನಿಂತ ತಂತಿಗಳು ತುಂಡು ತುಂಡಾಗಿದ್ದು ಪ್ರತಿ ಗಂಟಿನಲ್ಲೂ ಕೀಲಿನ ಹಾಗೆ ಮಡಚಿಕೊಳ್ಳುತ್ತವೆ. ಇನ್ನೊಂದರಲ್ಲಿ ನಿಂತ ತಂತಿ ಮೇಲಿಂದ ಕೆಳಗಿನವರೆಗೆ ಒಂದೇ, ಗಂಟು ಜರುಗುವುದಿಲ್ಲ. ಹತ್ತುವ ಪ್ರಾಣಿಗೆ ಎರಡನೆಯದೇ ಸರಿ, ಕಾಲಿಟ್ಟರೆ ಕುಸಿಯುವುದಿಲ್ಲ.

ಕಿಂಡಿಯ ಅಳತೆಯಲ್ಲಿ ಜಾಸ್ತಿ ಜನ ಎಡವುವುದು 6 ಇಂಚಿನ ಚೌಕದಲ್ಲಿ. ಅದು ಅತಿ ಕೆಟ್ಟ ಅಳತೆ. ಕೊಂಬಿನ ಮೇಕೆಯ ತಲೆ ಅದರಲ್ಲಿ ಹೋಗುತ್ತದೆ, ಕೊಂಬು ಹಿಂದಕ್ಕೆ ಬಾಗಿರುವುದರಿಂದ ವಾಪಸ್ ಬರುವುದಿಲ್ಲ. ಬಿಸಿಲಲ್ಲಿ ಸಿಕ್ಕಿಕೊಂಡು ನಿಂತರೆ, ನಾಯಿ ಬಂದರೆ, ಬೇರೆ ಹೋತ ಹಿಂದಿನಿಂದ ಗುದ್ದಿದರೆ, ಮುಗೀತು. ಎಳೇ ಮರಿಗಳಂತೂ ಪೂರ್ತಿ ಆಚೆಗೇ ಹೋಗುತ್ತವೆ. 4 ಇಂಚಿನ ಚೌಕ ತಗೊಳ್ಳಿ, ತಲೆಯೇ ಹೋಗುವುದಿಲ್ಲ. ಅದು ದುಬಾರಿ ಅಂತಾದರೆ ನಿಂತ ತಂತಿಗಳ ನಡುವೆ 12 ಇಂಚು ಇರುವಂಥದ್ದು ಇದೆ, ಅದರಲ್ಲಿ ತಲೆ ಹೋದರೂ ಹೊರಗೆ ಬರುತ್ತದೆ. ಆದರೆ ಅದಕ್ಕೆ ಒಳಗಡೆ ಝಟಕಾ ತಂತಿ, ಅಂದರೆ ಮುಟ್ಟಿದರೆ ಕರೆಂಟಿನ ಚಿಕ್ಕ ಹೊಡೆತ ಕೊಡುವ ತಂತಿ, ಇರಲೇಬೇಕು.

ಸಾಲು ಹಿಡಿಯುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡೂ ಕಡೆ ಒಂದೊಂದು ಮೀಟರ್ ಪೊದೆ ಸವರಿ, ಮೂಲೆಯಿಂದ ಮೂಲೆಗೆ ದಾರ ಕಟ್ಟಿ, 3-4-5 ಅಳತೆಯಲ್ಲಿ ಮೂಲೆಮಟ್ಟ ನೋಡಿಕೊಂಡೆವು. ಒಂದು ಕಡೆ 3 ಮೀಟರ್, ಇನ್ನೊಂದು ಕಡೆ 4, ಓರೆಯಾಗಿ 5 ಬಂದರೆ ಮೂಲೆ ಸರಿ ಅಂತ ಅರ್ಥ. ಬೇಲಿ ಚೌಕ ಇರಲೇಬೇಕು ಅಂತೇನಿಲ್ಲ, ಆದರೆ ಸಾಲು ನೇರ ಇರಬೇಕು. ಸೊಟ್ಟ ಸಾಲಿನಲ್ಲಿ ಜಾಲರಿ ಬಿಗಿಯುವಾಗ ಪ್ರತಿ ಕಂಬವೂ ಪಕ್ಕಕ್ಕೆ ವಾಲುತ್ತದೆ.

ಈಗ ಮೂಲೆ. ಇದನ್ನು ನಿಧಾನವಾಗಿ ಹೇಳುತ್ತೇನೆ.

ಬಿಗಿದ ಜಾಲರಿ ಹಗಲು ರಾತ್ರಿ ಮೂಲೆಕಂಬವನ್ನು ಎಳೆಯುತ್ತಲೇ ಇರುತ್ತದೆ. ಒಂಟಿ ಕಂಬ ಎಷ್ಟೇ ದಪ್ಪ ಇರಲಿ, ಕಾಂಕ್ರೀಟ್ ಹಾಕಿರಲಿ, ಒಂದು ಮಳೆಗಾಲ ಕಳೆದರೆ ತಲೆ ಒಳಕ್ಕೆ ಬಾಗುತ್ತದೆ. ಮೂಲೆ ಒಂದಿಂಚು ಬಾಗಿತು ಅಂದರೆ ಸಾಲಿನುದ್ದಕ್ಕೂ ಜಾಲರಿ ಸಡಿಲ. ಅದಕ್ಕೆ ಎರಡು ಕಂಬದ ಚೌಕಟ್ಟು ಬೇಕು. ಮೂಲೆಯಲ್ಲಿ 6 ಇಂಚು ದಪ್ಪದ, 8 ಅಡಿ ಉದ್ದದ, ಔಷಧಿ ಹಾಕಿದ ಮರದ ಕಂಬ, ಅದರಲ್ಲಿ 3 ಅಡಿ ಮಣ್ಣೊಳಗೆ. ಸಾಲಿನುದ್ದಕ್ಕೆ 8 ಅಡಿ ದೂರದಲ್ಲಿ ಅದೇ ಥರದ ಆಸರೆ ಕಂಬ. ಎರಡರ ನಡುವೆ, ತುದಿಯಿಂದ ಒಂದಡಿ ಕೆಳಗೆ, ಅಡ್ಡಮರ. ಆಮೇಲೆ ಓರೆತಂತಿ: ಆಸರೆ ಕಂಬದ ಮೇಲಿನಿಂದ ಮೂಲೆಕಂಬದ ಬುಡಕ್ಕೆ. ಈ ದಿಕ್ಕು ನೆನಪಿಟ್ಟುಕೊಳ್ಳಿ. ಜಾಲರಿ ಮೂಲೆಕಂಬದ ತಲೆಯನ್ನು ಒಳಕ್ಕೆ ಎಳೆಯುತ್ತದೆ, ಅಡ್ಡಮರ ಆ ಒತ್ತಡವನ್ನು ಆಸರೆ ಕಂಬದ ತಲೆಗೆ ದಾಟಿಸುತ್ತದೆ, ಆಸರೆ ಕಂಬ ಬಾಗಲು ಹೊರಟರೆ ಓರೆತಂತಿ ಅದನ್ನು ಮೂಲೆಕಂಬದ ಬುಡಕ್ಕೆ ಕಟ್ಟಿ ಹಿಡಿಯುತ್ತದೆ. ತಂತಿಯನ್ನು ಉಲ್ಟಾ ಹಾಕಿದರೆ, ಅಂದರೆ ಮೂಲೆಕಂಬದ ಮೇಲಿನಿಂದ ಆಸರೆ ಕಂಬದ ಬುಡಕ್ಕೆ, ಅದು ಸುಮ್ನೆ ಅಲಂಕಾರಕ್ಕೆ ನೇತಾಡುತ್ತದೆ.

ಅಡ್ಡಮರ 8 ಅಡಿ ಯಾಕೆ, 4 ಅಡಿ ಸಾಲದೇ ಅಂತ ತಮ್ಮ ಕೇಳಿದ. ಮರ ಉಳಿಸುವ ಆಸೆ ಅವನಿಗೆ. ಲೆಕ್ಕ ಸರಳ. ಓರೆತಂತಿ ಬಿಗಿಯಾದಾಗ ಮೂಲೆಕಂಬದ ಬುಡವನ್ನು ಮೇಲಕ್ಕೂ ಎತ್ತುತ್ತದೆ. ಎಳೆತ ಪೂರ್ತಿ ಅಡ್ಡಮರದ ಎತ್ತರದಲ್ಲಿ ಇದೆ ಅಂತಿಟ್ಟುಕೊಂಡರೆ, ಅಡ್ಡಮರದ ಉದ್ದ ಆ ಎತ್ತರದಷ್ಟೇ ಇದ್ದಾಗ ಎತ್ತುವ ಬಲ ಎಳೆತದಷ್ಟೇ ಆಗುತ್ತದೆ. ಉದ್ದ ಎರಡರಷ್ಟಿದ್ದರೆ ಎಳೆತದ ಅರ್ಧ. ಮೂಲೆಕಂಬ ಬಾಗುವುದಕ್ಕಿಂತ ಜಾಸ್ತಿ ಹೀಗೆ ಮೇಲೆದ್ದು ಬರುವುದೇ ಮೂಲೆ ಹಾಳಾಗುವ ರೀತಿ. ಹಾಗಾಗಿ ಬೇಲಿಯ ಎತ್ತರದ ಎರಡು ಪಟ್ಟು ಉದ್ದದ ಅಡ್ಡಮರ, ಅದಕ್ಕಿಂತ ಕಡಿಮೆ ಬೇಡ. ಒಂದು ಮೂಲೆಗೆ ಎರಡು ಸಾಲು ಬಂದು ಸೇರುತ್ತವಲ್ಲ, ಎರಡು ಕಡೆಗೂ ಇಂಥ ಚೌಕಟ್ಟು ಬೇಕು.

ಓರೆತಂತಿಯನ್ನು ಎರಡು ಸುತ್ತು ಹಾಕಿ, ನಡುವೆ ಗಟ್ಟಿ ಕೋಲು ತೂರಿಸಿ ತಿರುಚಿದೆವು. ತಂತಿ ಬಿಗಿಯಾದಂತೆ ದನಿ ಬದಲಾಗುತ್ತದೆ, ಬೆರಳಿನಿಂದ ಮೀಟಿದರೆ ಮೊದಲು ದಬ್ ದಬ್ ಅನ್ನುತ್ತಿದ್ದದ್ದು ಆಮೇಲೆ ಸಣ್ಣಗೆ ಟಿಣ್ ಅನ್ನುತ್ತದೆ. ಅಲ್ಲಿಗೆ ಸಾಕು. ಕೋಲನ್ನು ಅಡ್ಡಮರಕ್ಕೆ ಕಟ್ಟಿ ಬಿಡಿ, ಕೀಳಬೇಡಿ, ಮುಂದೆ ಸಡಿಲ ಆದರೆ ಇನ್ನೊಂದು ಸುತ್ತು ತಿರುಚಬಹುದು.

ತಂತಿಯ ಬದಲು ಮರದ ಊರುಗೋಲನ್ನೇ ಓರೆಯಾಗಿ ಕೊಡುವವರು ಇದ್ದಾರೆ. ದನಕ್ಕೆ ಪರವಾಗಿಲ್ಲ. ಮೇಕೆಗೆ ಅದು ಮೆಟ್ಟಿಲು. ಒಳಗಡೆ ಓರೆಯಾದ ಮರ ಕಂಡರೆ ಮರಿಗಳು ಅದೇ ದಿನ ಸಾಲಾಗಿ ಹತ್ತಿ ತುದಿಯಲ್ಲಿ ನಿಲ್ಲುತ್ತವೆ, ಅಲ್ಲಿಂದ ಆಚೆ ಜಿಗಿಯುವುದು ಏನು ದೊಡ್ಡದು? ಕೊಡಲೇಬೇಕಾದರೆ ಬೇಲಿಯ ಹೊರಗೆ ಬರುವಂತೆ ಕೊಡಿ.

ಮೂಲೆ ಗುಂಡಿಗೆ ಕಾಂಕ್ರೀಟ್ ಹಾಕಲಿಲ್ಲ. ಮರದ ಕಂಬದ ಸುತ್ತ ಕಾಂಕ್ರೀಟ್ ಹಾಕಿದರೆ, ಮರ ಒಣಗಿ ಸಣ್ಣಗಾದಾಗ ನಡುವೆ ಸಂದು ಬೀಳುತ್ತದೆ, ನೀರು ಇಳಿದು ಅಲ್ಲೇ ನಿಲ್ಲುತ್ತದೆ, ಕಂಬ ಬುಡದಲ್ಲೇ ಕೊಳೆಯುತ್ತದೆ. ಅದರ ಬದಲು ತೋಡಿದ ಮಣ್ಣನ್ನೇ ಅರ್ಧ ಅಡಿ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಹಾರೆಯ ಮೊಂಡು ತುದಿಯಿಂದ ದಮ್ಮಸ್ಸು ಮಾಡಿದೆವು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಸಲಿಕೆಯಲ್ಲಿ ಹಾಕುವವನು ಒಬ್ಬ, ಕುಟ್ಟುವವನು ಒಬ್ಬ, ಕುಟ್ಟುವವನ ಕೆಲಸವೇ ಜಾಸ್ತಿ ಇರಬೇಕು. ಚೆನ್ನಾಗಿ ಕುಟ್ಟಿದರೆ ಹಾರೆ ನೆಲಕ್ಕೆ ಬಡಿದ ಸದ್ದು ಗಟ್ಟಿಯಾಗುತ್ತದೆ, ತೋಡಿದ ಮಣ್ಣು ಹೆಚ್ಚುಕಡಿಮೆ ಪೂರ್ತಿ ಗುಂಡಿಗೇ ಹೋಗಿರುತ್ತದೆ. ಗುಡ್ಡೆ ಮಣ್ಣು ಉಳಿದರೆ ಕುಟ್ಟಿದ್ದು ಸಾಲದು ಅಂತ ಅರ್ಥ. ಕಬ್ಬಿಣದ ಪೈಪು ಹಾಕುವವರು ಕಾಂಕ್ರೀಟ್ ಹಾಕಿ, ಮೇಲ್ಭಾಗ ಇಳಿಜಾರು ಮಾಡಿ, ಒಂದು ವಾರ ನೀರುಣಿಸಿ ಆಮೇಲೆ ತಂತಿ ಎಳೆಯಿರಿ. ಕಾಂಕ್ರೀಟಿನ ಲೆಕ್ಕದ ಬಲ ಬರುವುದು 28 ದಿನಕ್ಕೆ, ಕಾಯುವ ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು.

ನಡುವಿನ ಕಂಬಗಳಿಗೆ ಕಬ್ಬಿಣದ ಟಿ ಕಂಬ, 10 ಅಡಿಗೆ ಒಂದು. ಒಂದು ತುದಿ ಮುಚ್ಚಿದ ದಪ್ಪ ಪೈಪಿಗೆ ಎರಡು ಹಿಡಿ ಬೆಸೆದ ಸಾಧನ ಸಿಗುತ್ತದೆ, ಅದನ್ನು ಕಂಬದ ಮೇಲೆ ಕವುಚಿ ಎತ್ತಿ ಎತ್ತಿ ಬಡಿದರೆ 2 ಅಡಿ ಇಳಿಯುತ್ತದೆ. ಸುತ್ತಿಗೆಯಿಂದ ಬಡಿದರೆ ತಲೆ ಚಪ್ಪಟೆ, ಕಂಬ ಸೊಟ್ಟ. ಕೈ ಎತ್ತುವಾಗ ಪೈಪು ಕಂಬದಿಂದ ಪೂರ್ತಿ ಹೊರಗೆ ಬರದಂತೆ ನೋಡಿಕೊಳ್ಳಿ, ಬಂದರೆ ವಾಪಸ್ ಇಳಿಯುವುದು ನಿಮ್ಮ ತಲೆ ಮೇಲೆ. ಪ್ರತಿ ನಾಲ್ಕನೆಯದು ಮರದ ಕಂಬ ಹಾಕಿದೆವು, ಬರೀ ಕಬ್ಬಿಣದ ಕಂಬಗಳ ಸಾಲು ಮೇಕೆ ಒರಗುವುದಕ್ಕೆ ಒಟ್ಟಾಗಿ ಒಂದೇ ಕಡೆ ವಾಲುತ್ತದೆ.

ಜಾಲರಿ ಕಂಬದ ಯಾವ ಕಡೆ? ಪ್ರಾಣಿ ಇರುವ ಕಡೆ. ಒರಗಿದಾಗ ಜಾಲರಿ ಕಂಬಕ್ಕೆ ಒತ್ತಿಕೊಳ್ಳಬೇಕು. ಹೊರಗಡೆ ಹಾಕಿದರೆ ಪ್ರತಿ ಒರಗಿನಲ್ಲೂ ಮೊಳೆ ಸ್ವಲ್ಪ ಸ್ವಲ್ಪ ಕಿತ್ತು ಬರುತ್ತದೆ. ಒಳಗಡೆ ಹಾಕಿದರೆ ಮೂಲೆಯ ಅಡ್ಡಮರವೂ ಜಾಲರಿಯ ಆಚೆ ಉಳಿಯುತ್ತದೆ, ಗೊರಸಿಗೆ ಸಿಗುವುದಿಲ್ಲ.

ಜಾಲರಿ ಎಳೆಯುವ ದಿನ ಕೈಗವಸು, ಕನ್ನಡಕ ಇಲ್ಲದೆ ಹತ್ತಿರ ಬರಬೇಡ ಅಂತ ತಮ್ಮನಿಗೆ ಹೇಳಿದ್ದೆ. ಬಿಗಿ ಇರುವ ತಂತಿ ತುಂಡಾದರೆ ಮುಖಕ್ಕೆ ಬರುತ್ತದೆ. ಮೊದಲು ಸುರುಳಿಯ ಒಂದು ತುದಿಯಲ್ಲಿ ಎರಡು ಮೂರು ನಿಂತ ತಂತಿ ಕತ್ತರಿಸಿ ತೆಗೆದು, ಅಡ್ಡತಂತಿಗಳ ತುದಿಗಳನ್ನು ಮೂಲೆಕಂಬಕ್ಕೆ ಸುತ್ತಿ, ಅದೇ ತಂತಿಗೆ ವಾಪಸ್ ಬಿಗಿಯಾಗಿ ಸುತ್ತಿದೆವು. ನಡುವಿನ ತಂತಿಯಿಂದ ಶುರು ಮಾಡಿ ಮೇಲಕ್ಕೂ ಕೆಳಕ್ಕೂ ಹೋದರೆ ಜಾಲರಿ ನೇರ ಕೂರುತ್ತದೆ. ಆಮೇಲೆ ಸುರುಳಿ ಬಿಚ್ಚಿಕೊಂಡು ಹೋಗಿ, ಇನ್ನೊಂದು ತುದಿಯಲ್ಲಿ ಜಾಲರಿಯನ್ನು ಎರಡು ಮರದ ಪಟ್ಟಿಗಳ ನಡುವೆ ಸಿಕ್ಕಿಸಿ ಬೋಲ್ಟ್ ಹಾಕಿದೆವು. ಈ ಪಟ್ಟಿಗೆ ಮೇಲೊಂದು ಕೆಳಗೊಂದು ಕೈ ವಿಂಚ್, ಅಂದರೆ ಹಲ್ಲು ಹಲ್ಲಾಗಿ ಬಿಗಿ ಎಳೆಯುವ ಕೈ ಸಾಧನ. ಒಂದೇ ವಿಂಚ್ ನಡುವೆ ಹಾಕಿದರೆ ಮೇಲೆ ಬಿಗಿ, ಕೆಳಗೆ ಜೋಲು ಆಗುವ ಸಾಧ್ಯತೆ ಜಾಸ್ತಿ, ಮೇಕೆಗೆ ಬೇಕಾದದ್ದೂ ಅದೇ.

ಎಷ್ಟು ಬಿಗಿಯಬೇಕು ಅನ್ನುವುದನ್ನು ಜಾಲರಿಯೇ ಹೇಳುತ್ತದೆ. ಅಡ್ಡತಂತಿಯನ್ನು ಹತ್ತಿರದಿಂದ ನೋಡಿ, ಎರಡು ಗಂಟುಗಳ ನಡುವೆ ಸಣ್ಣ ಡೊಂಕು ಇರುತ್ತದೆ. ತಯಾರಿಯಲ್ಲಿ ಬಂದ ದೋಷ ಅಲ್ಲ, ಬೇಕು ಅಂತಲೇ ಮಾಡಿದ್ದು. ಅದು ಸ್ಪ್ರಿಂಗ್. ವಿಂಚ್ ಒಂದೊಂದು ಹಲ್ಲು ಏರಿದಂತೆ ಡೊಂಕು ಚಪ್ಪಟೆಯಾಗುತ್ತಾ ಬರುತ್ತದೆ. ಬೆರಳ ತುದಿಯನ್ನು ಅದರ ಮೇಲೆ ಇಟ್ಟುಕೊಂಡಿದ್ದರೆ ಇಳಿಯುವುದು ಗೊತ್ತಾಗುತ್ತದೆ. ಮೂರನೇ ಒಂದರಿಂದ ಅರ್ಧದಷ್ಟು ಇಳಿದರೆ ನಿಲ್ಲಿಸಿ. "ಸಾಕು ಬಿಡು ಅಣ್ಣ, ಇನ್ನೊಂದು ಎಳೆತ ಎಳೆದರೆ ಕಂಬ ಬರುತ್ತೆ" ಅಂತ ಇವನು. ಪೂರ್ತಿ ನೇರ ಮಾಡಿಬಿಟ್ಟರೆ ಸ್ಪ್ರಿಂಗ್ ಗುಣವೇ ಹೋಯಿತು, ಆಮೇಲೆ ಒರಗಿದ್ದಕ್ಕೆಲ್ಲ ಜಾಲರಿ ಹಿಗ್ಗಿ ಹಾಗೇ ಉಳಿಯುತ್ತದೆ. ಬಿಸಿಲು ಚಳಿಗೂ ಇದೇ ಡೊಂಕು ಬೇಕು. ಉಕ್ಕಿನ ತಂತಿ 100 ಮೀಟರ್ ಉದ್ದಕ್ಕೆ, 30 ಡಿಗ್ರಿ ವ್ಯತ್ಯಾಸಕ್ಕೆ, ಮೂರೂವರೆ ಸೆಂಟಿಮೀಟರ್ ಹೆಚ್ಚುಕಡಿಮೆ ಆಗುತ್ತದೆ. ಆ ಹೆಚ್ಚುಕಡಿಮೆಯನ್ನು ನುಂಗಿಕೊಳ್ಳಲು ಎಲ್ಲೋ ಒಂದು ಕಡೆ ಜಾಗ ಇರಬೇಕು, ಅಲ್ವಾ?

ಮರದ ಕಂಬಕ್ಕೆ ಯು ಮೊಳೆ. ಎರಡು ಕಾಲೂ ಮರದ ಒಂದೇ ನಾರಿನ ಗೆರೆಯಲ್ಲಿ ಬಿದ್ದರೆ ಮರ ಸೀಳುತ್ತದೆ, ಸ್ವಲ್ಪ ಓರೆ ಹೊಡೆಯಿರಿ. ಪೂರ್ತಿ ಬಡಿದು ತಂತಿಯನ್ನು ಮರಕ್ಕೆ ಅಮುಕಬೇಡಿ, ಮೊಳೆಯೊಳಗೆ ತಂತಿ ಹಿಂದೆ ಮುಂದೆ ಜಾರುವಷ್ಟು ಸಂದು ಇರಲಿ. ಬಡಿದು ಜಜ್ಜಿದ ಕಡೆ ಸತುವಿನ ಲೇಪನ ಎದ್ದು ಅಲ್ಲಿಂದಲೇ ತುಕ್ಕು ಶುರು. ಕಬ್ಬಿಣದ ಕಂಬಕ್ಕೆ ಕ್ಲಿಪ್ಪು, ಒಂದಕ್ಕೆ ಐದು. ಕ್ಲಿಪ್ಪು ಮುಗಿದರೆ ಕಟ್ಟಡದವರು ಬಳಸುವ ಕಪ್ಪು ಬೈಂಡಿಂಗ್ ವೈರ್ ಹಾಕಿ ಮುಗಿಸೋಣ ಅನ್ನಿಸುತ್ತದೆ, ಬೇಡ. ಅದಕ್ಕೆ ಲೇಪನ ಇಲ್ಲ, ಬೇಗ ಪುಡಿಯಾಗುತ್ತದೆ. ಸತು ಲೇಪನದ ಜಿಐ ತಂತಿಯ ತುಂಡು ಹಾಕಿ.

ಇನ್ನು ನೆಲದಂಚು. ನೆಲ ಸಮ ಇದ್ದ ಕಡೆ ಜಾಲರಿ ನೆಲಕ್ಕೆ ತಾಗಿಕೊಂಡೇ ಕೂತಿತು. ತೊಂದರೆ ತಗ್ಗಿನಲ್ಲಿ. ಬಿಗಿದ ಜಾಲರಿ ಎರಡು ದಿಬ್ಬಗಳ ನಡುವೆ ನೇರ ಗೆರೆಯಾಗಿ ನಿಂತು, ಕೆಳಗೆ ಕುರಿ ಮರಿ ನಡೆದುಕೊಂಡು ಹೋಗುವಷ್ಟು ಸಂದಿ ಉಳಿಯುತ್ತದೆ. ತಗ್ಗಿನ ತಳದಲ್ಲಿ ಕಂಬ ನೆಟ್ಟು ಜಾಲರಿಯನ್ನು ಕೆಳಕ್ಕೆ ಎಳೆದು ಕಟ್ಟಿದರೆ, ಜಾಲರಿ ಆ ಕಂಬವನ್ನೇ ನೆಲದಿಂದ ಕೀಳುತ್ತದೆ. ಅದಕ್ಕೆ ಕಂಬದ ಬುಡದ ಪಕ್ಕ 2 ಅಡಿ ಆಳಕ್ಕೆ, ಇಬ್ಬರು ಸೇರಿ ಎತ್ತಬೇಕಾದಷ್ಟು ದೊಡ್ಡ ಕಲ್ಲಿಗೆ ದಪ್ಪ ತಂತಿ ಸುತ್ತಿ ಹೂತೆವು. ಮೇಲೆ ಮಣ್ಣು ಕುಟ್ಟಿ, ಆ ತಂತಿಯ ತುದಿಯನ್ನು ಕಂಬಕ್ಕೂ ಜಾಲರಿಯ ಕೆಳಗಿನ ತಂತಿಗೂ ಬಿಗಿದೆವು. ಈಗ ಕಂಬ ಏಳಬೇಕಾದರೆ ಕಲ್ಲೂ, ಅದರ ಮೇಲಿನ ಮಣ್ಣೂ ಏಳಬೇಕು.

ಒಂದು ಕಡೆ ಮಳೆನೀರು ಹರಿಯುವ ಸಣ್ಣ ಓಣಿ ಇದೆ. ಅಲ್ಲಿ ಮುಖ್ಯ ಜಾಲರಿಯನ್ನು ಓಣಿಯೊಳಗೆ ಇಳಿಸಲೇಬಾರದು. ಕಸಕಡ್ಡಿ ಬಂದು ಜಾಲರಿಗೆ ಸಿಕ್ಕಿಕೊಂಡರೆ ಅದೇ ಒಡ್ಡು ಆಗುತ್ತದೆ, ನೀರಿನ ಒತ್ತಡಕ್ಕೆ ಎರಡೂ ಕಡೆಯ ಕಂಬ ಸಮೇತ ಹೋಗುತ್ತದೆ. ಜಾಲರಿಯನ್ನು ಮೇಲೇ ನೇರವಾಗಿ ದಾಟಿಸಿ, ಕೆಳಗಿನ ಸಂದಿಗೆ ಬೇರೆ ತಂತಿಯಿಂದ ಮರದ ಪಟ್ಟಿಗಳ ಪರದೆ ಇಳಿಬಿಟ್ಟೆವು. ನೀರು ಬಂದರೆ ಪರದೆ ಹರಿವಿನ ದಿಕ್ಕಿಗೆ ಎದ್ದು ದಾರಿ ಬಿಡುತ್ತದೆ, ನೀರು ಇಳಿದ ಮೇಲೆ ವಾಪಸ್ ನೇತಾಡುತ್ತದೆ. ಪರದೆಯ ತಂತಿಯನ್ನು ಬೇಲಿಗೆ ಕಟ್ಟಿಲ್ಲ, ಎರಡು ದಡದಲ್ಲಿ ಅದಕ್ಕೇ ಬೇರೆ ಗೂಟ. ದೊಡ್ಡ ಮಳೆಗೆ ಕಿತ್ತುಹೋದರೂ ಪರದೆ ಮಾತ್ರ ಹೋಗುತ್ತದೆ, ಬೇಲಿ ಉಳಿಯುತ್ತದೆ.

ನಾಯಿ ನರಿ ತೋಡಿ ಒಳಬರುವ ಕಡೆ, ಹೊರಗಡೆ ನೆಲದ ಮೇಲೆ ಒಂದೂವರೆ ಅಡಿ ಅಗಲದ ಜಾಲರಿ ಪಟ್ಟಿ ಹಾಸಿ, ಬೇಲಿಯ ಕೆಳತಂತಿಗೆ ಹೆಣೆದು, ಗೂಟ ಹೊಡೆದೆವು. ಹುಲ್ಲು ಅದರ ಮೂಲಕ ಬೆಳೆದು ಹಿಡಿದುಕೊಳ್ಳುತ್ತದೆ. ತೋಡುವ ಪ್ರಾಣಿ ಬೇಲಿಯ ಬುಡದಲ್ಲೇ ತೋಡುತ್ತದೆ, ಅಡಿ ಹಿಂದೆ ಹೋಗಿ ಶುರು ಮಾಡುವ ಬುದ್ಧಿ ಸಾಮಾನ್ಯವಾಗಿ ಅದಕ್ಕೆ ಬರುವುದಿಲ್ಲ.

ಗೇಟಿನ ವಿಷಯದಲ್ಲಿ ಮೇಕೆಯ ಬುದ್ಧಿವಂತಿಕೆಯನ್ನು ಕಡೆಗಣಿಸಬೇಡಿ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಹಲ್ಲು ಅಥವಾ ತುಟಿಯಿಂದ ಹಗ್ಗ ಎಳೆದು, ಆಮೇಲೆ ಮೂತಿಯಿಂದ ಸನ್ನೆಕೋಲು ಎತ್ತಿದರೆ ಮಾತ್ರ ತಿಂಡಿ ಬೀಳುವ ಪೆಟ್ಟಿಗೆ. 12 ಮೇಕೆಗಳಲ್ಲಿ 9 ಕಲಿತವು. 10 ತಿಂಗಳ ನಂತರ ಅದೇ ಪೆಟ್ಟಿಗೆ ಕೊಟ್ಟಾಗಲೂ ನೆನಪಿತ್ತು. ಇದು ಓದಿದ ಮೇಲೆ ಎಳೆಯುವ ಸಾದಾ ಚಿಲಕ ಸಾಕು ಅಂತ ನಂಬಿಕೆ ಬರುತ್ತದಾ? ನಮ್ಮ ಹಳೇ ಗೇಟಿನ ಹತ್ತಿರ ಒಂದು ಕಂದು ಮೇಕೆ ಮೇಲ್ತುಟಿಯನ್ನು ಬೆರಳಿನಂತೆ ಮಡಚಿ ಚಿಲಕದ ಹಿಡಿಗೆ ಸಿಕ್ಕಿಸಿ, ತಲೆ ಪಕ್ಕಕ್ಕೆ ಹೊರಳಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಹೊಸ ಗೇಟಿಗೆ ಚಿಲಕ ಹೊರಗಡೆ, ಒಳಗಿನಿಂದ ಮೂತಿ ತಾಗದಂತೆ ತಗಡಿನ ಮರೆ, ಅದರ ಮೇಲೆ ಸರಪಳಿ ಮತ್ತು ಸ್ಪ್ರಿಂಗ್ ಕೊಂಡಿ.

ಗೇಟನ್ನು ಕೊಂಬಿನಿಂದ ಎತ್ತಿ ಕೀಲಿನಿಂದ ಬಿಡಿಸುವುದು ಇನ್ನೊಂದು ಕಲೆ. ಎರಡು ಕೀಲುಗೂಟಗಳೂ ಮೇಲ್ಮುಖವಾಗಿದ್ದರೆ ಎತ್ತಿದ ಕೂಡಲೇ ಗೇಟು ಕೈಗೆ ಬರುತ್ತದೆ. ಮೇಲಿನ ಗೂಟವನ್ನು ಕೆಳಮುಖ ಮಾಡಿ ಹಾಕಿದರೆ ಎತ್ತಲು ಆಗುವುದಿಲ್ಲ. ಗೇಟಿನ ಅಡ್ಡ ಪೈಪುಗಳು ಏಣಿ ಆಗದಂತೆ ಒಳಬದಿಗೆ ಅದೇ 4 ಇಂಚಿನ ಜಾಲರಿ ಹೊದಿಸಿದೆವು. ಗೇಟು ಒಳಕ್ಕೆ ತೆರೆಯುತ್ತದೆ, ಮಂದೆ ನುಗ್ಗಿ ಒತ್ತಿದರೆ ಅದು ಕಂಬಕ್ಕೆ ಒತ್ತಿ ಮುಚ್ಚಿಕೊಳ್ಳುತ್ತದೆ. ಗೇಟಿನ ಕಂಬಗಳಿಗೂ ಮೂಲೆಯಂಥದ್ದೇ ಚೌಕಟ್ಟು ಕೊಟ್ಟಿದ್ದೇವೆ. ಒಂದು ಕಡೆ ಜಾಲರಿ ಎಳೆತ, ಇನ್ನೊಂದು ಕಡೆ ಗೇಟಿನ ತೂಕ, ಒಂಟಿ ಕಂಬಕ್ಕೆ ಇದು ಆಗುವ ಮಾತಲ್ಲ.

ಗೇಟಿನ ಕೆಳಗಿನ ಜಾಗ ಹೆಚ್ಚಿನವರು ಮರೆಯುತ್ತಾರೆ. ಹಾಕಿದ ದಿನ 3 ಇಂಚು ಸಂದಿ ಇರುತ್ತದೆ, ಚಕ್ರ ಗೊರಸು ಓಡಾಡಿ ಮಳೆಯಲ್ಲಿ ಕೆಸರಾಗಿ, ಕೆಲವೇ ತಿಂಗಳಲ್ಲಿ ಅರ್ಧ ಅಡಿ ಗುಂಡಿ. ಹಾಗಾಗಿ ಗೇಟಿನ ನೇರ ಕೆಳಗೆ ಉದ್ದದ ಚಪ್ಪಡಿ ಕಲ್ಲುಗಳನ್ನು ಹೊಸ್ತಿಲಿನಂತೆ ಹೂತು, ಎರಡೂ ಕಡೆ ಜಲ್ಲಿ ತುಂಬಿದೆವು.

ಕೊನೆಗೆ ಝಟಕಾ ತಂತಿ. ಒಂದೇ ಎಳೆ, ನೆಲದಿಂದ 1 ಅಡಿ ಮೇಲೆ, ಜಾಲರಿಯಿಂದ 8 ಇಂಚು ಒಳಕ್ಕೆ, ಇನ್ಸುಲೇಟರ್ ಮೇಲೆ. ಒರಗುವುದು, ಹತ್ತುವುದು, ಮೂತಿ ತೂರಿಸುವುದು ಮೂರೂ ಇದೊಂದರಿಂದ ನಿಂತಿತು. ಕರು ಬೆಳೆದು ದನ ಆದಾಗ ಬೇಲಿಯ ಮೇಲಿನಿಂದ ಕತ್ತು ಚಾಚಿ ಜಾಲರಿ ಕುಗ್ಗಿಸದಂತೆ ಮೇಲ್ಗಡೆಗೂ ಇನ್ನೊಂದು ಎಳೆ ಹಾಕಲು ಇನ್ಸುಲೇಟರ್ ಈಗಲೇ ಕೂರಿಸಿದ್ದೇವೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಕೊಲೆಗೆ ಸಮ. ಮೇಕೆ, ಮಗು, ದಾರಿಹೋಕ, ಯಾರು ಮುಟ್ಟಿದರೂ ಪ್ರಾಣ ಹೋಗುತ್ತದೆ. ಬೇಲಿಗೆ ಅಂತಲೇ ಮಾಡಿದ ಎನರ್ಜೈಸರ್ ಬೇರೆ ಥರ. ಅದು ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕ ಅವಧಿಯ ಹೊಡೆತ ಕೊಡುತ್ತದೆ, ನಡುವೆ ಕೈ ಬಿಡಿಸಿಕೊಳ್ಳಲು ಸಮಯ ಇರುತ್ತದೆ. ಇಂಥ ಯಂತ್ರಗಳ ಸುರಕ್ಷತೆಗೆ ಐಇಸಿ 60335-2-76 ಎಂಬ ಅಂತಾರಾಷ್ಟ್ರೀಯ ಮಾನದಂಡ ಇದೆ, ಪೆಟ್ಟಿಗೆ ಮೇಲೆ ಅದನ್ನು ನೋಡಿ ತಗೊಳ್ಳಿ. ಒಂದು ಬೇಲಿಗೆ ಎರಡು ಯಂತ್ರ ಹಾಕಬೇಡಿ. ಮುಳ್ಳುತಂತಿಗೆ ಝಟಕಾ ಕೊಡಬೇಡಿ, ಸಿಕ್ಕಿಕೊಂಡವರು ಬಿಡಿಸಿಕೊಳ್ಳಲು ಆಗುವುದಿಲ್ಲ.

ಝಟಕಾ ಬರುವುದಿಲ್ಲ ಅಂತ ಯಂತ್ರವನ್ನು ಬೈಯುವವರು ಮೊದಲು ಅರ್ಥಿಂಗ್ ನೋಡಿ. 6 ಅಡಿಯ ಮೂರು ಜಿಐ ಸರಳು, 10 ಅಡಿ ಅಂತರದಲ್ಲಿ, ತೇವ ಇರುವ ಜಾಗದಲ್ಲಿ. ಅವುಗಳಿಗೆ ತಾಮ್ರದ ತಂತಿ ಸೇರಿಸಬೇಡಿ, ತಾಮ್ರ ಮತ್ತು ಸತು ತಾಗಿದ ಕಡೆ ಒದ್ದೆಯಾದರೆ ಸತು ತಿಂದುಹೋಗುತ್ತದೆ. ಪರೀಕ್ಷೆ ಹೀಗೆ: ಯಂತ್ರದಿಂದ 100 ಮೀಟರ್ ದೂರದಲ್ಲಿ ಕಬ್ಬಿಣದ ಸರಳುಗಳನ್ನು ನೆಲಕ್ಕೆ ನೆಟ್ಟು ಬೇಲಿ ತಂತಿಗೆ ಒರಗಿಸಿ, ವೋಲ್ಟೇಜ್ 1000ಕ್ಕಿಂತ ಕೆಳಗೆ ಬರುವಂತೆ ಮಾಡಿ. ಆಮೇಲೆ ಕೊನೆಯ ಅರ್ಥ್ ಸರಳಿಗೂ, ಅದರಿಂದ ಒಂದು ಮೀಟರ್ ಆಚೆ ನೆಲಕ್ಕೆ ಚುಚ್ಚಿದ ಕಡ್ಡಿಗೂ ನಡುವೆ ಬೇಲಿಯ ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡಿ. 300 ವೋಲ್ಟ್ ಒಳಗಿದ್ದರೆ ಸರಿ. ಜಾಸ್ತಿ ಬಂದರೆ ಇನ್ನೊಂದು ಸರಳು ಹೊಡೆಯಿರಿ. ಬೇಲಿಯಲ್ಲಿ ಮೇಕೆಗೆ ಕನಿಷ್ಠ 4000 ವೋಲ್ಟ್ ಇರಬೇಕು. ಹುಲ್ಲು ಬೆಳೆದು ತಂತಿಗೆ ತಾಗಿದರೆ ಇದು ಇಳಿಯುತ್ತದೆ. ಕುರಿಗೆ ಉಣ್ಣೆ ಇರುವುದರಿಂದ ಮೈಗೆ ಅಷ್ಟಾಗಿ ತಟ್ಟುವುದಿಲ್ಲ, ಮೂಗಿಗೆ ತಾಗಿದರೆ ಮಾತ್ರ ಪಾಠ, ಒಂದಡಿ ಎತ್ತರ ಇಟ್ಟಿದ್ದಕ್ಕೆ ಅದೂ ಒಂದು ಕಾರಣ.

ಪ್ರಾಣಿ ಬಿಡುವ ಮುಂಚೆ ಒಳಗೆ ಒಂದು ಸುತ್ತು ಹಾಕಿ, ಬೇಲಿಯಿಂದ 6 ಅಡಿ ಒಳಗಿದ್ದ ಬಂಡೆ, ಮರದ ಬುಡ, ನೀರಿನ ತೊಟ್ಟಿ ಎಲ್ಲವನ್ನೂ ಸರಿಸಿದೆವು. 4 ಅಡಿ ಬೇಲಿಯ ಪಕ್ಕ 2 ಅಡಿ ಬಂಡೆ ಇದ್ದರೆ ಮೇಕೆಗೆ ಅದು 2 ಅಡಿ ಬೇಲಿ. ಒಂದು ಬಂಡೆ ಅಲುಗಲೇ ಇಲ್ಲ, ಅಲ್ಲಿ ಮಾತ್ರ ಎರಡು ಕಂಬದ ನಡುವೆ ಜಾಲರಿಯ ಮೇಲೆ ಇನ್ನೊಂದು ಪಟ್ಟಿ ಏರಿಸಿ 6 ಅಡಿ ಮಾಡಿದ್ದೇವೆ. ನೋಡಲು ವಿಚಿತ್ರ.

ಮೊದಲ ಮಳೆ ಆದ ಮೇಲೆ ಓರೆತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದೆ. ಓಣಿ ಪಕ್ಕದ ಮೂಲೆಯದು ದಬ್ ಅಂದಿತು, ಕೋಲನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕಟ್ಟಿದ್ದೇನೆ. ಉಳಿದವು ಗಟ್ಟಿ. ಹೋತಗಳಿಗೆ ಬೇರೆ ಅಂಕಣ ಆಗಬೇಕು, ಅದಕ್ಕೆ ಇದೇ ಜಾಲರಿಯ 5 ಅಡಿ ಎತ್ತರದ್ದು ತರಿಸಿದ್ದೇವೆ, ಗುಂಡಿ ತೋಡುವುದು ಬಾಕಿ.